ನೆರೆಯೂ ನೆರೆಹೊರೆಯೂ

“ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ” ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೊಲಗದ್ದೆಗಳನ್ನು ನಂಬಿ ಬದುಕಿದವರಿಗೆ ಆ ಮಾತು ಸಲ್ಲತಕ್ಕದ್ದೇ ಸರಿ. ಆದರೆ ಬೆಂಗಳೂರಿನ ಉತ್ತರ ಭಾಗದ ಸಂಜಯನಗರದಲ್ಲಿ ಮನೆಮಾಡಿಕೊಂಡಿರುವ ನಮ್ಮಂತಹ ಗೃಹಸ್ಥರು ಈಗೀಗ ಆ ಗಾದೆಯನ್ನು ಸ್ವಲ್ಪ ಅಳುಕಿನಿಂದಲೇ ಆಡಬೇಕಾಗಿದೆ. ಭೂಪಸಂದ್ರ, ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿ ಎಂಬ ನೆರೆಯ ಹೆಸರುಗಳನ್ನು ಕೇಳಿದರೆ ಸಾಕು, ಇಲ್ಲಿ ಹಿಂದೆ ಹಳ್ಳಿಗಳಿದ್ದುವೆಂದು ತಿಳಿಯುತ್ತದೆ. ಆಗ ಬಿದ್ದ ಮಳೆಯನ್ನು ಮಣ್ಣು ಕುಡಿಯುತ್ತಿತ್ತು; ಮಿಕ್ಕದ್ದು ಕಾಲುವೆ ಹಿಡಿದು ಹೆಬ್ಬಾಳದ ಕಣಿವೆಯ ಕೆರೆಗಳಿಗೆ ಇಳಿಯುತ್ತಿತ್ತು. ಈಗ ನಮ್ಮ ಬೀದಿಯಲ್ಲಿ ಮಣ್ಣೆಂಬುದು ಹೂವಿನ ಕುಂಡಗಳಲ್ಲಿ ಮಾತ್ರ ಉಳಿದಿದೆ. ಮಳೆ ಮೊದಲಿನದೇ, ಅದು ಬಂದಿಳಿಯುವ ನೆಲ ಬೇರೆಯಾಗಿದೆ.

ನಮ್ಮ ಊರಿಗೆ ಬರುವ ಗಾಳಿಮಳೆಯಲ್ಲಿ ಎರಡು ಜಾತಿ. ಒಂದು ಹೇಳಿ ಬರುವುದು, ಇನ್ನೊಂದು ಹೇಳದೆ ಬರುವುದು. ಹೇಳಿ ಬರುವುದು ಬಂಗಾಳ ಕೊಲ್ಲಿಯ ಚಂಡಮಾರುತ. ಕಡಲಿನಲ್ಲಿ ಅದು ಹುಟ್ಟಿದ ದಿನದಿಂದಲೇ ಹವಾಮಾನ ಇಲಾಖೆಯವರು ಅದರ ಜಾತಕವನ್ನು ಬರೆಯತೊಡಗುತ್ತಾರೆ. 2022ನೆಯ ಡಿಸೆಂಬರ್ 9ರ ರಾತ್ರಿ ‘ಮಾಂಡೂಸ್’ ಎಂಬುದು ಮಹಾಬಲಿಪುರದ ಬಳಿ ದಡವನ್ನು ಹಾಯ್ದಿತು. 2024ನೆಯ ನವೆಂಬರ್ 30ರ ರಾತ್ರಿ ‘ಫೆಂಗಲ್’ ಎಂಬುದು ಪುದುಚೇರಿಯ ಬಳಿ. ಆ ಕಡಲಿಗೆ ಸುಮಾರು 300 ಕಿಲೋಮೀಟರ್ ದೂರದಲ್ಲಿ, 900 ಮೀಟರ್ ಎತ್ತರದಲ್ಲಿರುವ ನಮಗೆ ಅವುಗಳ ರೌದ್ರ ತಟ್ಟಲಿಲ್ಲ. ಮುಸುಕಿದ ಮೋಡ, ಚಳಿ, ಬಿಡದ ಜಿಟಿಜಿಟಿ ಮಳೆ, ಇಷ್ಟೇ ನಮ್ಮ ಪಾಲಿಗೆ ಬಂದದ್ದು.

ಹೇಳದೆ ಬರುವುದು ಬೇಸಿಗೆಯ ಗುಡುಗುಮಳೆ. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಹಗಲೆಲ್ಲ ನೆಲ ಕಾದು, ಬಿಸಿಗಾಳಿ ಮೇಲಕ್ಕೇರಿ, ಇಳಿಹೊತ್ತಿಗೆ ಕರಿಯ ಮೋಡವಾಗಿ ನಿಲ್ಲುತ್ತದೆ. ಆ ಮೋಡದಿಂದ ಮಳೆಯೊಡನೆ ತಣ್ಣನೆಯ ಗಾಳಿಯೂ ಕೆಳಕ್ಕೆ ಬಿದ್ದು, ನೆಲಕ್ಕೆ ತಾಗಿ, ನಾಲ್ಕು ದಿಕ್ಕಿಗೂ ನುಗ್ಗುತ್ತದೆ. ಮರಗಳನ್ನು ಉರುಳಿಸುವುದು ಈ ಗಾಳಿಯೇ. ಇಂಥ ಮೋಡ ಊರಿನ ಯಾವ ಭಾಗದ ಮೇಲೆ ಒಡೆಯುವುದೆಂಬುದನ್ನು ಕೆಲವು ಗಂಟೆಗಳಿಗೆ ಮುಂಚೆಯಷ್ಟೇ ಹೇಳಲು ಸಾಧ್ಯ. ಅಷ್ಟು ಹೊತ್ತಿನಲ್ಲಿ ಒಣಹಾಕಿದ ಬಟ್ಟೆಯನ್ನು ತೆಗೆಯಬಹುದು; ಚರಂಡಿಯ ಹೂಳನ್ನು ತೆಗೆಯಲಾಗದು.

ನಮ್ಮ ಬೀದಿಯ ನಿವಾಸಿಗಳ ಸಂಘ ದೊಡ್ಡದೇನಲ್ಲ. ತಿಂಗಳಿಗೊಂದು ಭಾನುವಾರ ಹತ್ತಿಪ್ಪತ್ತು ಮಂದಿ ಉದ್ಯಾನದ ಕಲ್ಲುಬೆಂಚುಗಳ ಮೇಲೆ ಸೇರಿ, ಕಸದ ಗಾಡಿ, ಬೀದಿಯ ದೀಪ, ಗಣೇಶನ ಹಬ್ಬದ ಚಂದಾ ಮೊದಲಾದುವನ್ನು ಚರ್ಚಿಸುವುದುಂಟು. ಮಾಂಡೂಸ್ ಬರುವುದೆಂದು ಪತ್ರಿಕೆಗಳಲ್ಲಿ ಓದಿದಾಗ ನಾವು ವಿಶೇಷ ಸಭೆಯನ್ನೇ ಸೇರಿಸಿದೆವು. ತಾರಸಿಯ ಎಲೆಕಸವನ್ನು ಗುಡಿಸಿದ್ದಾಯಿತು, ಚರಂಡಿಯ ಬಾಯಿಗಳನ್ನು ಬಿಡಿಸಿದ್ದಾಯಿತು, ಮೇಣದಬತ್ತಿಗಳನ್ನು ಕೊಂಡದ್ದಾಯಿತು. ಬಂದದ್ದು ತುಂತುರು. “ಬೆಟ್ಟ ಅಗೆದು ಇಲಿ ಹಿಡಿದಂತಾಯಿತಲ್ಲ, ಸ್ವಾಮಿ!” ಎಂದು ಹಿರಿಯರೊಬ್ಬರು ನಕ್ಕರು, ನಾವೂ ನಕ್ಕೆವು.

ಬೆಟ್ಟವೇ ಮೇಲೆ ಬಿದ್ದದ್ದು 2024ನೆಯ ಜೂನ್ 2ರಂದು. ಅದು ಭಾನುವಾರ. ಬೆಂಗಳೂರಿನಲ್ಲಿ ಆ ಒಂದೇ ದಿನ 111.1 ಮಿಲಿಮೀಟರ್ ಮಳೆಯಾಯಿತು. ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ 1891ರಿಂದೀಚೆಗೆ ಸುರಿದಿರಲಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೂವತ್ತು ನಲವತ್ತರ ನಿವೇಶನವೆಂದರೆ ಸುಮಾರು 111 ಚದರ ಮೀಟರ್. ಆ ಲೆಕ್ಕದಲ್ಲಿ ಒಂದೊಂದು ನಿವೇಶನದ ಮೇಲೂ 12,000 ಲೀಟರಿಗೆ ಮಿಗಿಲಾದ ನೀರು, ಎಂದರೆ ಆರು ಸಾವಿರ ಲೀಟರಿನ ಎರಡು ಟ್ಯಾಂಕರ್! ಅದೇ ವರ್ಷದ ಮಾರ್ಚಿಯಲ್ಲಿ ಒಂದು ಟ್ಯಾಂಕರ್ ನೀರಿಗಾಗಿ ಊರೆಲ್ಲ ಪರದಾಡಿತ್ತು. ಮೂರು ತಿಂಗಳೊಳಗೆ ಎರಡು ಟ್ಯಾಂಕರ್ ನೀರು ಬಿಟ್ಟಿಯಾಗಿ ಮನೆಬಾಗಿಲಿಗೆ ಬಂದು, ಹೋಗಲು ದಾರಿಯಿಲ್ಲದೆ ನಿಂತಿತು.

ಆ ಸಂಜೆ ನಮ್ಮ ಬೀದಿಯ ತಿರುವಿನಲ್ಲಿ ಮರವೊಂದು ತಂತಿಗಳ ಮೇಲೆ ಬಿದ್ದು ವಿದ್ಯುತ್ತು ನಿಂತುಹೋಯಿತು. ಎಲ್ಲರೂ ತಂತಮ್ಮ ಮನೆಯ ನೀರನ್ನು ಹೊರಕ್ಕೆ ಚೆಲ್ಲುವುದರಲ್ಲಿದ್ದಾಗ, ಐದಾರು ಮನೆಗಳಲ್ಲಿ ಪಾತ್ರೆ ತೊಳೆದು ಜೀವಿಸುವ ಹೆಂಗಸೊಬ್ಬಳು ಮೊಣಕಾಲುದ್ದದ ನೀರಿನಲ್ಲಿ ಓಡುತ್ತ ಬಂದಳು. “ಅಣ್ಣಾ, ಕೊನೇ ಮನೆ ಅಜ್ಜಿಗೆ ಉಸಿರಿನ ಮಿಷನ್ನು. ಕರೆಂಟು ಹೋಗಿ ಅರ್ಧ ಗಂಟೆ ಆಯ್ತು. ಯಾರಾದ್ರೂ ಬನ್ನಿ!”

ಅಜ್ಜಿಯ ಮಗ ವಿದೇಶದಲ್ಲಿದ್ದಾನೆ. ಮನೆಯಲ್ಲಿ ಆಕೆಯೂ ಪ್ರಾಣವಾಯುವನ್ನು ಗಾಳಿಯಿಂದ ಬೇರ್ಪಡಿಸಿಕೊಡುವ ಒಂದು ಯಂತ್ರವೂ ಮಾತ್ರ. ಆ ಯಂತ್ರಕ್ಕೆ ವಿದ್ಯುತ್ತೇ ಆಹಾರ. ನಮ್ಮಲ್ಲಿ ಇಬ್ಬರು ಯುವಕರು ಎದುರು ಮನೆಯ ಇನ್ವರ್ಟರಿನಿಂದ, ಮಹಡಿಯಿಂದ ಮಹಡಿಗೆ, ನೀರು ತಾಗದಂತೆ ತಂತಿಯನ್ನೆಳೆದರು. ಯಂತ್ರ ಗುರುಗುಟ್ಟಿತು. ಅಜ್ಜಿಯ ತುಟಿಯ ನೀಲಿ ಮೆಲ್ಲನೆ ಇಳಿಯುವುದನ್ನು ನೋಡುತ್ತ ನಾವು ಏಳೆಂಟು ಮಂದಿ ಮಾತಿಲ್ಲದೆ ನಿಂತಿದ್ದೆವು. ಇನ್ವರ್ಟರಿನ ಬಲ ಎರಡು ಗಂಟೆಗಿಂತ ಹೆಚ್ಚು ಬಾರದೆಂದು ತಿಳಿದು, ಅಷ್ಟರೊಳಗಾಗಿ ಒಬ್ಬರು ಪ್ರಾಣವಾಯುವಿನ ಸಿಲಿಂಡರನ್ನು ಹೊರಿಸಿಕೊಂಡು ಬಂದರು.

ಮುಂದಿನ ಸಭೆಗೆ ಆ ಹೆಂಗಸನ್ನೂ ಕರೆದೆವು. ನಮ್ಮ ಸಂಘದ ಪುಸ್ತಕದಲ್ಲಿ ಮನೆಯ ಸಂಖ್ಯೆ, ಯಜಮಾನರ ಹೆಸರು, ಚಂದಾ ಬಾಕಿ ಇವೆಲ್ಲ ಇದ್ದುವು. ಆಕೆ ಬಾಯಲ್ಲಿ ಹೇಳಿದ್ದು ಬೇರೆಯೇ ಒಂದು ಪುಸ್ತಕ: ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರಿಗೆ ಮೆಟ್ಟಲಿಳಿಯಲಾಗದು, ಯಾರ ಮದ್ದು ತಣ್ಣಗಿನ ಪೆಟ್ಟಿಗೆಯಲ್ಲಿರಬೇಕು, ಯಾವ ನೆಲಮಾಳಿಗೆಯಲ್ಲಿ ಕಾವಲುಗಾರನ ಸಂಸಾರ ಮಲಗುತ್ತದೆ. ಅದನ್ನು ಬರೆದುಕೊಂಡು, ಆಯಾ ಮನೆಯವರ ಒಪ್ಪಿಗೆಯನ್ನು ಪಡೆದು, ಪ್ರತಿಯೊಂದು ಹೆಸರಿಗೂ ಹತ್ತಿರದ ಇಬ್ಬರು ನೆರೆಯವರನ್ನು ಹೊಣೆಮಾಡಿದೆವು.

“ತೆರಿಗೆ ಕೊಡುತ್ತೇವೆ, ಚರಂಡಿ ನೋಡುವುದೂ ನಮ್ಮ ಕೆಲಸವೇ?” ಎಂದು ಒಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ರಾಜಕಾಲುವೆ ಬೀದಿಯ ಸಂಘದ ಕೈಗೆ ಎಟುಕತಕ್ಕದ್ದಲ್ಲ. ಯಲಹಂಕದ ಕೇಂದ್ರೀಯ ವಿಹಾರಕ್ಕೆ 2021ನೆಯ ನವೆಂಬರಿನಲ್ಲಿಯೂ 2024ನೆಯ ಅಕ್ಟೋಬರಿನಲ್ಲಿಯೂ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. 2023ನೆಯ ಮೇ 21ರಂದು ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರಿಗೆ ಸಿಕ್ಕಿದ ಕಾರಿನಲ್ಲಿ ತರುಣಿಯೊಬ್ಬಳು ಪ್ರಾಣಬಿಟ್ಟಳು. ಇಂಥವನ್ನು ತಡೆಯುವ ಹೊಣೆ ಆಳುವವರದು. ಅದನ್ನು ನಾವು ಬರೆದು ಕೇಳುತ್ತಲೇ ಇರಬೇಕು. 2025ನೆಯ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಆಡಳಿತ ಐದು ನಗರಪಾಲಿಕೆಗಳಾಗಿ ಹಂಚಿಹೋದ ಮೇಲೆ, ಯಾವ ಅರ್ಜಿಯನ್ನು ಎಲ್ಲಿಗೆ ಕೊಡಬೇಕೆಂಬುದನ್ನು ಹೊಸದಾಗಿ ಕಲಿತದ್ದೂ ಆಯಿತು. ಆದರೆ ಮೊದಲ ಅರ್ಧ ಗಂಟೆಯಲ್ಲಿ ಕೊನೆಯ ಮನೆಯ ಬಾಗಿಲನ್ನು ತಟ್ಟಬಲ್ಲವರು ಪಕ್ಕದ ಮನೆಯವರೇ.

ಮರಗಳ ವಿಷಯದಲ್ಲಿ ವಾದ ಜೋರಾಗಿಯೇ ನಡೆಯಿತು. ಕಡಿಸಿಬಿಡೋಣವೆಂದು ಕೆಲವರು, ಕೂಡದೆಂದು ಕೆಲವರು. ಮರವನ್ನು ನಾವಾಗಿ ಕಡಿಯುವಂತಿಲ್ಲ. 1976ರ ಕಾಯಿದೆಯಂತೆ ಅಪ್ಪಣೆ ಬೇಕು. ಅಲ್ಲದೆ ಬಿದ್ದ ಮರದ ಬೇರನ್ನು ನೋಡಿದರೆ ಅದರ ತಪ್ಪೇನೆಂಬುದು ತಿಳಿಯುತ್ತಿತ್ತು. ಒಂದು ಕಡೆ ಚರಂಡಿಗಾಗಿ ಬೇರನ್ನು ಕತ್ತರಿಸಿದ್ದರು. ಇನ್ನೊಂದು ಕಡೆ ಕಾಂಡದ ಬುಡದವರೆಗೂ ಸಿಮೆಂಟನ್ನು ಬಳಿದಿದ್ದರು. ಕತ್ತಿಕಾಯಿ ಮರ ಮೊದಲೇ ಮೆದು ಜಾತಿಯದು. ಹಾಗೆ ಕಾಲು ಕಟ್ಟಿದರೆ ಗಾಳಿಗೆ ನಿಂತೀತೆ? ಸಂಬಂಧಪಟ್ಟವರ ಒಪ್ಪಿಗೆಯಿಂದ ಮಿಕ್ಕ ಮರಗಳ ಬುಡದ ಸಿಮೆಂಟನ್ನು ಒಡೆಸಿ, ಸುತ್ತಲೂ ಎರಡು ಅಡಿ ಮಣ್ಣನ್ನು ಬಿಡಿಸಿದೆವು. ಒಣಗಿದ ಕೊಂಬೆಗಳನ್ನು ಇಳಿಸಿದ್ದು ಬಿಟ್ಟರೆ ಒಂದು ಮರವನ್ನೂ ಕಳೆದುಕೊಳ್ಳಲಿಲ್ಲ.

ಆ ವರ್ಷದ ಕೊನೆಗೆ ಫೆಂಗಲ್ ಬರುವ ಸುದ್ದಿ ಬಂತು. ಹವಾಮಾನ ಇಲಾಖೆಯ ಬಣ್ಣಗಳ ಅರ್ಥವನ್ನು ಅಷ್ಟು ಹೊತ್ತಿಗೆ ಮಕ್ಕಳೂ ಕಲಿತಿದ್ದರು: ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕಾರ್ಯಕ್ಕೆ ತೊಡಗಿರಿ. ಪಟ್ಟಿಯಲ್ಲಿದ್ದಂತೆ ಪ್ರತಿಯೊಬ್ಬರೂ ತಮಗೆ ಗೊತ್ತುಮಾಡಿದ ಬಾಗಿಲನ್ನು ತಟ್ಟಿ ಬಂದರು. ಮೊಬೈಲುಗಳಿಗೆ ವಿದ್ಯುತ್ತು ತುಂಬಿತ್ತು. ಬಿದ್ದ ತಂತಿಯನ್ನು ಕಂಡರೆ ದೂರ ನಿಂತು 1912ಕ್ಕೆ ತಿಳಿಸಬೇಕೆಂಬುದು ಎಲ್ಲರ ಬಾಯಲ್ಲಿತ್ತು. ಈ ಸಲವೂ ಬಂದದ್ದು ತುಂತುರೇ. ಆದರೆ ಇಲಿಯ ಮಾತನ್ನು ಯಾರೂ ಎತ್ತಲಿಲ್ಲ. ಹೇಳಿ ಬರುವ ಗಾಳಿ ಹೇಳದೆ ಬರುವ ಗಾಳಿಗೆ ನಮ್ಮನ್ನು ಅಭ್ಯಾಸ ಮಾಡಿಸಿ ಹೋಯಿತೆಂದು ತಿಳಿದರಾಯಿತು.

ಆಮೇಲೆ ಪಟ್ಟಿಯನ್ನು ಪ್ರತಿ ವರ್ಷವೂ ಯುಗಾದಿ ಕಳೆದೊಡನೆ ಹೊಸದಾಗಿ ಬರೆಯುವುದೆಂದು ಗೊತ್ತುಮಾಡಿದ್ದೇವೆ. ಬಾಡಿಗೆಯವರು ಬದಲಾಗುತ್ತಾರೆ, ಮಕ್ಕಳು ಹುಟ್ಟುತ್ತಾರೆ, ಮುದುಕರು ಇನ್ನೂ ಮುದುಕರಾಗುತ್ತಾರೆ. ಹಿಂದಿನ ಸಲ ಕೊನೆಯ ಮನೆಗೆ ಹೋದಾಗ ಅಜ್ಜಿ ತನ್ನ ಹೆಸರನ್ನು ಓದಿಸಿ ಕೇಳಿದಳು. “ನೋಡಿಕೊಳ್ಳಬೇಕಾದವರಲ್ಲಿ ಬರೆದಿರಿ, ಸರಿ. ನೋಡಿಕೊಳ್ಳುವವರಲ್ಲಿಯೂ ನನ್ನ ಹೆಸರು ಹಾಕಿಕೊಳ್ಳಿ. ಹಗಲೆಲ್ಲ ಕಿಟಕಿಯ ಹತ್ತಿರ ಕೂತಿರುತ್ತೇನೆ. ಚರಂಡಿ ಕಟ್ಟಿದರೆ ಮೊದಲು ಕಾಣುವುದು ನನಗೇ. ಫೋನು ಮಾಡುವುದಕ್ಕೆ ಉಸಿರು ಸಾಕು” ಎಂದಳು.

ಹಾಕಿಕೊಂಡೆವು. ಓದುಗರೂ ತಮ್ಮ ತಮ್ಮ ಬೀದಿಗಳಲ್ಲಿ, ಆಕಾಶ ಇನ್ನೂ ನಿರ್ಮಲವಾಗಿರುವಾಗಲೇ, ಇಂತಹುದೊಂದು ಕಾಗದವನ್ನು ಬರೆದಿಡುವರೆಂದು ಹಾರೈಸುತ್ತೇವೆ. ಅದಕ್ಕೆ ತಗಲುವ ವೆಚ್ಚ ಒಂದು ಹಾಳೆ. ತಗಲುವ ಕಾಲ ಒಂದು ಭಾನುವಾರದ ಬೆಳಗು.