ಬುದ್ಧಿಗೆ ಹಿಡಿದ ಅಳತೆಗೋಲು

ಕನ್ನಡದಲ್ಲಿ ‘ಬುದ್ಧಿ’ ಎಂಬ ಮಾತಿಗೆ ಕೆಲಸ ಹಲವು. ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ, ಕೇಳದಿದ್ದರೆ ಬುದ್ಧಿ ಕಲಿಸುತ್ತಾರೆ. ಪೆಟ್ಟು ತಿಂದವನಿಗೆ ಬುದ್ಧಿ ಬರುತ್ತದೆ. ಪರರ ವಸ್ತುವಿಗೆ ಆಸೆಪಟ್ಟವನದು ಕೆಟ್ಟ ಬುದ್ಧಿ. ಮೀಸೆ ಬಂದರೂ ಹಠ ಬಿಡದವನದು ಮಕ್ಕಳ ಬುದ್ಧಿ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಆಳು ಒಡೆಯನನ್ನು ‘ಬುದ್ಧೀ’ ಎಂದೇ ಕರೆಯುತ್ತಿದ್ದ. ಹೊಲಗದ್ದೆ ಇದ್ದಲ್ಲೇ ಬುದ್ಧಿಯೂ ಇರುತ್ತದೆ ಎಂಬ ನಂಬಿಕೆ ಆ ಕರೆಯೊಳಗೇ ಅಡಗಿತ್ತು. ಬೇಗ ಲೆಕ್ಕ ಮಾಡುವವನಿಗೆ, ಹೇಳಿದ್ದನ್ನು ತಟ್ಟನೆ ಹಿಡಿಯುವವನಿಗೆ ಬೇರೆಯೇ ಮಾತುಗಳಿವೆ: ಚುರುಕು, ಜಾಣ, ತಲೆ ಓಡುತ್ತದೆ. ‘ಅತಿ ಜಾಣ’ ಎಂದಾಗ ಮೆಚ್ಚುಗೆಗಿಂತ ಎಚ್ಚರಿಕೆಯೇ ಹೆಚ್ಚು. ಜನರ ಮಾತಿನಲ್ಲಿ ಬುದ್ಧಿ ಎಂದರೆ ತಲೆಯ ಚುರುಕಷ್ಟೇ ಅಲ್ಲ, ನಡತೆಯೂ ಹೌದು.

ಮನೋವಿಜ್ಞಾನ ಇವೆರಡನ್ನು ಬಿಡಿಸಿ, ಚುರುಕನ್ನು ಮಾತ್ರ ಅಳೆಯಲು ಹೊರಟಿತು. ಅದರ ಹಿಂದಿದ್ದ ಅಗತ್ಯ ಮಾತ್ರ ನಿಜವಾದದ್ದು. ಶಾಲೆ ಕಡ್ಡಾಯವಾಗಿದ್ದ ಫ್ರಾನ್ಸಿನಲ್ಲಿ, ತರಗತಿಯೊಂದಿಗೆ ಹೆಜ್ಜೆ ಹಾಕಲಾಗದ ಮಕ್ಕಳನ್ನು ಗುರುತಿಸುವುದು ಹೇಗೆಂದು ನೋಡಲು 1904ರಲ್ಲಿ ಸರ್ಕಾರ ಒಂದು ಆಯೋಗ ನೇಮಿಸಿತು. ಮೇಷ್ಟರ ಕಣ್ಣಿಗೆ ದಡ್ಡನಾಗಿ ಕಂಡ ಮಗುವಿಗೆ ನಿಜಕ್ಕೂ ದೃಷ್ಟಿ ಮಂದವಾಗಿರಬಹುದು, ಹಸಿವಿರಬಹುದು. ಇಂಥ ತಪ್ಪು ಆಗದಂತೆ ಗುರುತಿಸಲು ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಮತ್ತು ಸಂಗಡಿಗ ತೆಯೊದೋರ್ ಸಿಮೋನ್ 1905ರಲ್ಲಿ 30 ಪ್ರಶ್ನೆಗಳ ಪರೀಕ್ಷೆಯೊಂದನ್ನು ರಚಿಸಿದರು. ಅಂಕಿಗಳನ್ನು ಕೇಳಿ ಮರಳಿ ಹೇಳುವುದು, ಎರಡು ತೂಕಗಳಲ್ಲಿ ಯಾವುದು ಭಾರವೆಂದು ಗುರುತಿಸುವುದು, ಚಿತ್ರದಲ್ಲಿರುವುದನ್ನು ಹೆಸರಿಸುವುದು, ಹೀಗೆ ಸುಲಭದಿಂದ ಕಷ್ಟಕ್ಕೆ ಏರುವ ಪ್ರಶ್ನೆಗಳು. 1908ರ ಪರಿಷ್ಕರಣೆಯಲ್ಲಿ ಆಯಾ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಏನು ಮಾಡಬಲ್ಲರೆಂಬುದನ್ನು ಜೋಡಿಸಿದ್ದರಿಂದ ‘ಮಾನಸಿಕ ವಯಸ್ಸು’ ಎಂಬ ಕಲ್ಪನೆ ಬಳಕೆಗೆ ಬಂತು. ಬುದ್ಧಿ ಹುಟ್ಟಿನಲ್ಲೇ ಬರೆದಿಟ್ಟ ಪ್ರಮಾಣ, ಅದು ಹೆಚ್ಚುವುದೇ ಇಲ್ಲ ಎಂಬ ವಾದವನ್ನು ಬಿನೆ 1909ರ ಪುಸ್ತಕದಲ್ಲಿ ಕಟುವಾಗಿ ವಿರೋಧಿಸಿದ. ಹಿಂದುಳಿದ ಮಗುವಿಗೆ ಗಮನ ಕೊಡುವುದನ್ನೂ ನೆನಪಿಡುವುದನ್ನೂ ಅಭ್ಯಾಸ ಮಾಡಿಸಬಹುದು ಎಂಬುದು ಅವನ ನಿಲುವು. ಎರಡೇ ವರ್ಷದಲ್ಲಿ ಅವನು ತೀರಿಕೊಂಡ. ಅವನ ಪರೀಕ್ಷೆ ಅಮೆರಿಕಕ್ಕೆ ಹೋಯಿತು, ಅವನ ಈ ನಿಲುವು ಮಾತ್ರ ಅದರ ಜೊತೆ ಅಟ್ಲಾಂಟಿಕ್ ದಾಟಲಿಲ್ಲ.

1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಲು ಸೂಚಿಸಿದ. 1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಆ ಭಾಗಲಬ್ಧವನ್ನು 100ರಿಂದ ಗುಣಿಸಿದ. ಎಂಟು ವರ್ಷದ ಮಗು ಆರು ವರ್ಷದವರ ಪ್ರಶ್ನೆಗಳನ್ನಷ್ಟೇ ಬಿಡಿಸಿದರೆ ಅದರ ಬುದ್ಧಿಲಬ್ಧ (ಐಕ್ಯೂ) 75. ಒಂದು ಮಗುವಿನ ನೂರು ಬಗೆಯ ಇರುವಿಕೆ ಎರಡಂಕಿಯೊಳಗೆ ಮುದುಡಿತು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯ ಸುಮಾರು 17 ಲಕ್ಷ ಜನರನ್ನು ಇಂಥ ಪರೀಕ್ಷೆಗೆ ಕೂರಿಸಿತು. ಪ್ರಶ್ನೆಗಳಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರುವ ವಸ್ತುಗಳ ಹೆಸರುಗಳೂ ಇದ್ದವು. ಹೊಸದಾಗಿ ವಲಸೆ ಬಂದವರ ಅಂಕಗಳು ತಗ್ಗಿದಾಗ, ಅದು ಅವರ ಜನಾಂಗದ ದೋಷವೆಂದು ಮನೋವಿಜ್ಞಾನಿ ಕಾರ್ಲ್ ಬ್ರಿಗಮ್ 1923ರಲ್ಲಿ ಪುಸ್ತಕವನ್ನೇ ಬರೆದ. 1930ರಲ್ಲಿ ಆ ತೀರ್ಮಾನಕ್ಕೆ ಆಧಾರವಿಲ್ಲವೆಂದು ತಾನೇ ಹಿಂತೆಗೆದುಕೊಂಡ. ಆ ಏಳು ವರ್ಷಗಳಲ್ಲಿ ಅಂಕಿ ಮಾಡಿದ ಅನ್ಯಾಯವನ್ನು ಹಿಂತೆಗೆದುಕೊಳ್ಳಲು ಯಾರಿಂದಲೂ ಆಗಲಿಲ್ಲ.

ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ಬೇರೊಂದು ದಾರಿ ಹಿಡಿದಿದ್ದ. ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಸಾಮಾನ್ಯವಾಗಿ ಉಳಿದವುಗಳಲ್ಲೂ ಮುಂದಿರುತ್ತಾರೆ. ಆದ್ದರಿಂದ ಎಲ್ಲದರ ಹಿಂದೆ ಒಂದು ‘ಸಾಮಾನ್ಯ ಅಂಶ’ ಇದೆ ಎಂಬುದು ಅವನ ವಾದ. ಅವನ ಬಳಿ ಕಲಿತ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. 1930ರ ದಶಕದಲ್ಲಿ ವಿ. ವಿ. ಕಾಮತ್ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅನುವಾದವೊಂದೇ ಇದಕ್ಕೆ ಸಾಲದು. ಪ್ಯಾರಿಸಿನ ಮಗು ದಿನವೂ ಕಾಣುವ ವಸ್ತು ಮುಂಬಯಿ ಕರ್ನಾಟಕದ ಮಗುವಿನ ಕಣ್ಣಿಗೆ ಬೀಳದೇ ಇರಬಹುದು. ಬಿನೆ–ಕಾಮತ್ ಪರೀಕ್ಷೆ ಭಾರತದಲ್ಲಿ ಇಂದಿಗೂ ಬಳಕೆಯಲ್ಲಿದೆ.

‘ಸಾಮಾನ್ಯ ಅಂಶ’ದ ವಾದ ಗಟ್ಟಿಯಾದದ್ದೇ, ಶಾಲೆಯ ಅಂಕಗಳನ್ನು ಅದು ಸಾಕಷ್ಟು ಚೆನ್ನಾಗಿ ಮುನ್ಸೂಚಿಸುತ್ತದೆ. ಆದರೆ ಅದರ ಕೈಗೆ ಪೂರ್ತಿ ಸಿಕ್ಕದವರೂ ಇದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿ, ಕ್ರಮವಾದ ಶಾಲಾ ಶಿಕ್ಷಣವಿಲ್ಲದೆ ಬೆಳೆದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರು. ಸಾಮಾನ್ಯ ಅಂಶದ ದೊಡ್ಡ ಪ್ರತಿಪಾದಕ ಆರ್ಥರ್ ಜೆನ್ಸನ್ ಶಕುಂತಲಾ ದೇವಿಯವರನ್ನು ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದ. ಸಂಕೇತ ಕಂಡೊಡನೆ ಪ್ರತಿಕ್ರಿಯಿಸಬೇಕಾದ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಅಸಾಧಾರಣವೇನೂ ಆಗಿರಲಿಲ್ಲ. ಆ ಮಿಂಚು ಅಂಕಿಗಳೊಡನೆ ಬಾಲ್ಯದಿಂದ ಬೆಳೆಸಿಕೊಂಡ ನಂಟಿನಲ್ಲಿತ್ತು.

ಬುದ್ಧಿವಂತ ಎಂದರೆ ಯಾರು ಎಂದು ಜನರನ್ನೇ ಕೇಳುವ ಕೆಲಸ ತಡವಾಗಿ ನಡೆಯಿತು. 1981ರಲ್ಲಿ ರಾಬರ್ಟ್ ಸ್ಟರ್ನ್‌ಬರ್ಗ್ ಮತ್ತು ಸಂಗಡಿಗರು ರೈಲು ನಿಲ್ದಾಣದಲ್ಲಿ, ದಿನಸಿ ಮಳಿಗೆಯಲ್ಲಿ, ಗ್ರಂಥಾಲಯದಲ್ಲಿ ಸಿಕ್ಕವರನ್ನು ಮಾತಾಡಿಸಿದ ವರದಿ ಹೊರಬಂತು. ಸಮಸ್ಯೆ ಬಿಡಿಸುವ ಶಕ್ತಿ, ಮಾತಿನ ಶಕ್ತಿಯ ಜೊತೆಗೆ ನಾಲ್ಕು ಜನರೊಡನೆ ಹೊಂದಿ ನಡೆಯುವ ಶಕ್ತಿಯನ್ನೂ ಆ ಜನ ಬುದ್ಧಿಯೆಂದು ಎಣಿಸಿದ್ದರು. ಪಶ್ಚಿಮ ಆಫ್ರಿಕದ ಬಾವುಲೆ ಜನರಲ್ಲಿ, ಹೇಳಿಸಿಕೊಳ್ಳದೆ ಮನೆಗೆಲಸಕ್ಕೆ ಕೈಹಾಕುವ ಮಗು ಬುದ್ಧಿವಂತ ಮಗು. ಲೈಬೀರಿಯದ ಕ್ಪೆಲೆ ರೈತರಿಗೆ ವಸ್ತುಗಳನ್ನು ವಿಂಗಡಿಸಲು ಹೇಳಿದಾಗ ಅವರು ಚಾಕುವನ್ನು ಕಿತ್ತಳೆಯ ಜೊತೆ ಇಟ್ಟರು, ಕೊಯ್ಯಲು ಬೇಕಲ್ಲ! ಬುದ್ಧಿವಂತ ಹೀಗೆಯೇ ಇಡುತ್ತಾನೆ ಎಂಬುದು ಅವರ ವಿವರಣೆ. ಬೇಸತ್ತ ಸಂಶೋಧಕ, ಪೆದ್ದನಾದರೆ ಹೇಗೆ ಇಡುತ್ತಾನೆ ಎಂದು ಕೇಳಿದ. ಹಣ್ಣೆಲ್ಲ ಒಂದು ಕಡೆ, ಹತಾರವೆಲ್ಲ ಇನ್ನೊಂದು ಕಡೆ ಬಂದವು. ಪರೀಕ್ಷೆ ಬಯಸಿದ್ದ ಉತ್ತರ ಅದೇ. ಬ್ರೆಜಿಲಿನ ರೆಸಿಫೆಯಲ್ಲಿ ಬೀದಿಯಲ್ಲಿ ಸರಕು ಮಾರುವ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಶೇ. 98ರಷ್ಟು ಸರಿ ಹೇಳಿದರು. ಅಂಥದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೀ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ಶೇ. 37 ಮಾತ್ರ. 1985ರಲ್ಲಿ ಪ್ರಕಟವಾದ ಆ ಅಧ್ಯಯನ ದಡ್ಡ ಎಂಬ ಹಣೆಪಟ್ಟಿಯನ್ನು ಕಿತ್ತು ನೋಡುವಂತೆ ಮಾಡಬೇಕಿತ್ತು. ಎಷ್ಟೋ ತರಗತಿಗಳಲ್ಲಿ ಅದು ಇನ್ನೂ ಅಂಟಿಕೊಂಡೇ ಇದೆ.

ಅಳತೆಯ ಲೋಕವೂ ನಡತೆಯ ಕಡೆ ತಿರುಗಿದೆ. ಬಿನೆ ಪರೀಕ್ಷೆಯನ್ನು ಅಮೆರಿಕಕ್ಕೆ ತಂದ ವೈನ್‌ಲ್ಯಾಂಡ್ ಸಂಸ್ಥೆಯಲ್ಲೇ 1935ರಲ್ಲಿ ಎಡ್ಗರ್ ಡಾಲ್ ಸಾಮಾಜಿಕ ಪ್ರೌಢತೆಯ ಮಾಪಕವೊಂದನ್ನು ರೂಪಿಸಿದ, ಎ. ಜೆ. ಮ್ಯಾಲಿನ್ ಅದನ್ನು ಭಾರತಕ್ಕೆ ಹೊಂದಿಸಿದರು. ವಿಕಲಾಂಗರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಬೌದ್ಧಿಕ ವೈಕಲ್ಯವನ್ನು ಗುರುತಿಸಲು ಬುದ್ಧಿಯ ಕೊರತೆಯ ಜೊತೆಗೆ ದಿನನಿತ್ಯದ ಬಾಳಿಗೆ ಹೊಂದಿಕೊಳ್ಳುವುದರ ಕೊರತೆಯೂ ಕಾಣಬೇಕು. ಆದ್ದರಿಂದ ಮಗು ಪರೀಕ್ಷೆಯ ಕೋಣೆಯೊಳಗೆ ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆ, ಸರದಿ ತಾಯಿಯದು. ಮಗು ತಾನಾಗಿ ಉಣ್ಣುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ, ಬೇರೆ ಮಕ್ಕಳೊಡನೆ ಆಡುತ್ತದೆಯೇ ಎಂದು ಅವಳನ್ನು ಕೇಳಿ ಬರೆದುಕೊಳ್ಳುತ್ತಾರೆ.