ಹಳ್ಳಿಗೂ ಹಲ್ಲಿಗೂ ಒಂದೇ ಸ್ಪೆಲಿಂಗು!

ಕವಿಗೋಷ್ಠಿ ಅಂದ ತಕ್ಷಣ ನಮಗೆಲ್ಲ ಕಣ್ಮುಂದೆ ಬರೋ ಚಿತ್ರ ಒಂದೇ. ಹಿಂದೆ ದೊಡ್ಡ ಬ್ಯಾನರು, ಮುಂದೆ ಉದ್ದದ ಮೇಜು, ಸಾಲಾಗಿ ಕೂತ ಕವಿಗಳು, ಮಧ್ಯದಲ್ಲಿ ಅಧ್ಯಕ್ಷರು. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ ಎಲ್ಲ ಮುಗಿದು ಮೊದಲನೇ ಕವಿತೆ ಬರೋ ಹೊತ್ತಿಗೆ ಊಟದ ವಾಸನೆ ಬಂದಿರುತ್ತೆ :) ಮೈಸೂರು ದಸರಾ ಕವಿಗೋಷ್ಠಿ ಇರಲಿ, ಸಾಹಿತ್ಯ ಸಮ್ಮೇಳನದ್ದಿರಲಿ, ಅಲ್ಲಿ ಓದಬೇಕು ಅಂದ್ರೆ ಮೊದಲು ಆಹ್ವಾನ ಬರಬೇಕು.

ಓಪನ್ ಮೈಕ್ ಇದಕ್ಕೆ ಪೂರ್ತಿ ಉಲ್ಟಾ. ಬಾಗಿಲ ಹತ್ತಿರ ಒಂದು ಹಾಳೆ ಇಟ್ಟಿರ್ತಾರೆ. ಹೆಸರು ಬರೀರಿ, ಸರದಿ ಬಂದಾಗ ಎದ್ದು ಹೋಗಿ, ಐದು ನಿಮಿಷ ಓದಿ, ಬನ್ನಿ. ನೀವ್ಯಾರು, ಎಷ್ಟು ಸಂಕಲನ ಬಂದಿದೆ ಅಂತ ಯಾರೂ ಕೇಳಲ್ಲ. ಬೆಂಗಳೂರಿನಲ್ಲಿ ಇಂಥ ಸಂಜೆಗಳಿಗೆ ಜಾಗ ಕೊಡೋರಲ್ಲಿ ಸಣ್ಣ ಪುಸ್ತಕದಂಗಡಿಗಳೂ ಇವೆ. ಕೋರಮಂಗಲದಲ್ಲಿ ಶುರುವಾದ ಆಟ ಗಲಾಟದವರಂತೂ 2016ರಿಂದ ಬೆಂಗಳೂರು ಪೊಯೆಟ್ರಿ ಫೆಸ್ಟಿವಲ್ ಅಂತ ಹಬ್ಬವನ್ನೇ ಮಾಡಿದರು.

ನಾನು ಹೋಗೋದು ಜಯನಗರದ ಕಡೆ ಇರೋ ಒಂದು ಪುಟ್ಟ ಅಂಗಡಿಗೆ. ತಿಂಗಳಿಗೊಂದು ಶನಿವಾರ ಮಧ್ಯದ ಮೇಜನ್ನ ಗೋಡೆಗೆ ತಳ್ಳಿ, ಮೂವತ್ತು ಸ್ಟೂಲು ಹಾಕ್ತಾರೆ. ಇಂಗ್ಲಿಷ್ ಕವಿತೆಗಳೇ ಜಾಸ್ತಿ. ಇಷ್ಟವಾದ ಸಾಲಿಗೆ ಚಿಟಿಕೆ ಹೊಡೀತಾರೆ. ಆಮೇಲೆ ಹಿಂದಿ, ಅದಕ್ಕೆ ವಾಹ್ ವಾಹ್ ಇದ್ದಿದ್ದೇ. ಕನ್ನಡದವರು ಇಬ್ಬರು ಬಂದರೆ ಪುಣ್ಯ.

ಹೋದ ತಿಂಗಳು ಆ ಇಬ್ಬರಲ್ಲಿ ಒಬ್ಬಳು, ಇಪ್ಪತ್ಮೂರರ ಆಸುಪಾಸಿನ ಹುಡುಗಿ. ಸಾಗರದ ಕಡೆಯ ಅಜ್ಜಿ ಮನೆಯ ಬಚ್ಚಲೊಲೆ ಬಗ್ಗೆ ಓದಿದಳು. ಅಡಿಕೆ ಸಿಪ್ಪೆಯ ಉರಿ, ಹಂಡೆಯ ಮಸಿ, ನೀರು ಕಾದಿದೆ ಬಾರೇ ಅಂತ ಅಜ್ಜಿ ಕೂಗೋದು. ಅಜ್ಜಿ ಹೋದ ಮೇಲೆ ಮನೆಗೆ ಗೀಸರ್ ಬಂತು. ಈಗ ಅಲ್ಲಿ ನೀರು ತಾನೇ ಬಿಸಿಯಾಗುತ್ತೆ, ಕೂಗೋರು ಮಾತ್ರ ಇಲ್ಲ. ಅಷ್ಟೇ ಕವಿತೆ. ಚಿಟಿಕೆ ಹೊಡೆಯೋದನ್ನೂ ಮರೆತು ಎಲ್ಲರೂ ಸುಮ್ಮನೆ ಕೂತಿದ್ದರು.

ಪಕ್ಕದ ಸ್ಟೂಲಿಗೆ ಬಂದು ಕೂತಾಗ ಅವಳ ಮೊಬೈಲ್ ಕಣ್ಣಿಗೆ ಬಿತ್ತು. ಇಡೀ ಕವಿತೆ ಇಂಗ್ಲಿಷ್ ಅಕ್ಷರದಲ್ಲಿತ್ತು! ಟೀ ಹೊತ್ತಿನಲ್ಲಿ ಒಬ್ಬ ಹಿರಿಯರು ಇದನ್ನೇ ಹಿಡಿದು, ಕನ್ನಡವನ್ನ ಕನ್ನಡದಲ್ಲಿ ಬರೆಯೋಕೇನಮ್ಮ ಕಷ್ಟ ಅಂತ ಕೇಳಿಯೇ ಬಿಟ್ಟರು. "ಓದೋಕೆ ಬರಲ್ಲ ಅಂಕಲ್, ಸ್ಕೂಲಲ್ಲಿ ಹಿಂದಿ ತಗೊಂಡಿದ್ದೆ" ಅಂದಳು. ಶಾಲೆಗಳಲ್ಲಿ ಕನ್ನಡ ಕಡ್ಡಾಯ ಮಾಡಿದ ಕಾಯ್ದೆ ಬಂದಿದ್ದು 2015ರಲ್ಲಿ, ಅದೂ ಒಂದನೇ ತರಗತಿಯಿಂದ ಹಂತ ಹಂತವಾಗಿ. ಇವಳು ಆಗಲೇ ಮುಂದಿನ ಕ್ಲಾಸುಗಳಿಗೆ ಹೋಗಿಯಾಗಿತ್ತು.

ನನಗೆ ಕುತೂಹಲ ಹುಟ್ಟಿದ್ದು ಬೇರೆ ಕಾರಣಕ್ಕೆ. ಇಂಗ್ಲಿಷ್ ಅಕ್ಷರದಲ್ಲಿ ಹಳ್ಳಿಗೂ ಹಲ್ಲಿಗೂ ಒಂದೇ ಸ್ಪೆಲಿಂಗು. ಕಲ್ಲಿಗೂ ಕಳ್ಳಿಗೂ ಅದೇ ಕಥೆ. ಬೆಲೆ, ಬೆಳೆ, ಬೇಳೆ ಮೂರನ್ನೂ ಜನ ಒಂದೇ ಥರ ಟೈಪ್ ಮಾಡ್ತಾರೆ. ಆದರೆ ಅವಳು ಓದುವಾಗ ಒಂದು ಳಕಾರವೂ ತಪ್ಪಲಿಲ್ಲ. ಕಣ್ಣು ನೋಡ್ತಿದ್ದಿದ್ದು ಇಂಗ್ಲಿಷು, ನಾಲಿಗೆ ಹೇಳ್ತಿದ್ದಿದ್ದು ಅಜ್ಜಿಯ ಕನ್ನಡ.

ಯೂನಿಕೋಡ್ ಅಭಿಮಾನಿ ಅಲ್ಲವಾ ನಾನು, ಸುಮ್ಮನಿರೋಕಾಗುತ್ತಾ :) ಅವಳ ಫೋನಿನಲ್ಲೇ ಕನ್ನಡ ಕೀಬೋರ್ಡ್ ಹಾಕಿಕೊಟ್ಟೆ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಕನ್ನಡ ಮೂಡುತ್ತಲ್ಲ, ಅದು. ಅವಳು ಮೊದಲು ಹೊಡೆದ ಪದವೇ ಹಳ್ಳಿ. ಮೇಲೆ ಎರಡು ಆಯ್ಕೆ ಬಂತು. ಒಂದು ಹಳ್ಳಿ, ಇನ್ನೊಂದು ಹಲ್ಲಿ. ಅವಳು ಎರಡನ್ನೂ ನೋಡಿ, ನನ್ನ ಮುಖ ನೋಡಿದಳು. ಯಾವುದನ್ನ ಒತ್ತಬೇಕು? ಎರಡನ್ನೂ ಜೋರಾಗಿ ಓದಿ ಹೇಳಿದೆ. ಮೊದಲನೇದು ಕಿವಿಗೆ ಬಿದ್ದಿದ್ದೇ ತಡ, "ಅದೇ, ಅದೇ!" ಅಂದಳು.

ಅಂದ್ರೆ ನೋಡಿ, ಸಾಫ್ಟ್‌ವೇರ್ ತನ್ನ ಕೆಲಸ ಮಾಡಿತ್ತು. ಅಕ್ಷರ ಇತ್ತು, ಫಾಂಟ್ ಇತ್ತು, ಭಾಷೆಯೂ ಅವಳ ಬಾಯಲ್ಲಿತ್ತು. ಇಲ್ಲದೇ ಇದ್ದಿದ್ದು ಮಧ್ಯದಲ್ಲಿ ಕೂತು ಜೋರಾಗಿ ಓದಿ ಹೇಳೋ ಒಬ್ಬ ಮನುಷ್ಯ.

ನಮ್ಮಲ್ಲಿ ಅಂಥವರು ಇದ್ದರು. ಗಮಕ ಅಂದ್ರೆ ಇನ್ನೇನು? ಒಬ್ಬರು ವಾಚನ ಮಾಡ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳ್ತಾರೆ. ಅಕ್ಷರ ಬಾರದ ಎಷ್ಟೋ ಜನಕ್ಕೆ ಕುಮಾರವ್ಯಾಸ ಸಿಕ್ಕಿದ್ದು ಕಿವಿಯಿಂದಲೇ. ಶಿವಮೊಗ್ಗದ ಹತ್ತಿರದ ಮತ್ತೂರು, ಹೊಸಹಳ್ಳಿಗಳು ಇವತ್ತಿಗೂ ಗಮಕಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಹಾಗಾಗಿ ಓದೋಕೆ ಬರದ ಕಾವ್ಯಪ್ರೇಮಿಗಳು ಕನ್ನಡಕ್ಕೆ ಹೊಸಬರೇನಲ್ಲ. ಹಳ್ಳಿಯ ಜಗಲಿಯಲ್ಲಿದ್ದವರು ಈಗ ಜಯನಗರದ ಸ್ಟೂಲಿನ ಮೇಲೆ ಬಂದು ಕೂತಿದ್ದಾರೆ, ಇಂಜಿನಿಯರಿಂಗೋ ಬಿಕಾಮೋ ಮುಗಿಸಿಕೊಂಡು.

ಆದರೂ ಒಂದು ವಿಷಯ ಕೊರೀತಾ ಇದೆ. ಅವಳು ನಿಂತು ಓದಿದಾಗ ಬೆನ್ನ ಹಿಂದೆ ಇದ್ದಿದ್ದು ಅಂಗಡಿಯ ಕನ್ನಡ ಕಪಾಟು. ಬೇಂದ್ರೆ, ಕೆಎಸ್‌ನ, ತಿರುಮಲಾಂಬಾ, ವೈದೇಹಿ. ಬಚ್ಚಲು, ಒಲೆ, ಅಡುಗೆಮನೆ ಎಲ್ಲ ವೈದೇಹಿ ಬರವಣಿಗೆಯಲ್ಲಿ ತುಂಬಿಕೊಂಡಿದೆ. ಅವಳು ಓದಬೇಕಾದ ಲೇಖಕಿ ಒಂದು ಮೊಳ ದೂರದಲ್ಲಿದ್ದರು. ಅಜ್ಜಿಯಿಂದ ಬಂದ ಪದಗಳು ಒಂದು ಕವಿತೆಗೆ ಸಾಕು, ಹತ್ತಕ್ಕೂ ಸಾಕೇನೋ. ಆಮೇಲೆ? ಓಪನ್ ಮೈಕ್ ಅವಳಿಗೆ ಬಾಗಿಲು ತೆಗೀತು ನಿಜ, ಕಪಾಟು ತೆಗೆಯೋಕೆ ಅದರಿಂದಾಗಲ್ಲ.

ಅಂಗಡಿಯವರ ಹತ್ತಿರ ಮಾತಾಡಿದೆ. ಮುಂದಿನ ತಿಂಗಳಿಂದ ಮೈಕ್ ಶುರುವಾಗೋ ಮೊದಲು ಅರ್ಧ ಗಂಟೆ ಕನ್ನಡ ಕಪಾಟಿನಿಂದ ಒಂದು ಪುಸ್ತಕ ತೆಗೆದು ಜೋರಾಗಿ ಓದೋದು, ಅದೇ ಪುಟವನ್ನ ದೊಡ್ಡ ಅಕ್ಷರದಲ್ಲಿ ಗೋಡೆ ಮೇಲೆ ತೋರಿಸೋದು ಅಂತ ಮಾತಾಗಿದೆ. ಕೇಳ್ತಾ ಕೇಳ್ತಾ ಕಣ್ಣು ಅಕ್ಷರದ ಮೇಲೆ ಓಡಲಿ ಅಂತ. ಪ್ರೊಜೆಕ್ಟರ್ ನನ್ನ ಜವಾಬ್ದಾರಿ. ರಾಗವಾಗಿ ಓದೋಕೆ ನನ್ನ ಗಂಟಲು ಸಾಲದು, ಬೆಂಗಳೂರಲ್ಲಿರೋ ಬ್ಲಾಗಿಗರು ಯಾರಾದ್ರೂ ಬರ್ತೀರಾ?

ಬರೋಕಾಗದವರು ಒಂದು ಉಪಕಾರ ಮಾಡಿ. ಅಕ್ಷರ ಬಾರದ, ಆದರೆ ಕನ್ನಡ ಚೆನ್ನಾಗಿ ಬರೋ ಒಬ್ಬರಿಗೆ ಮೊದಲು ಯಾವ ಪುಸ್ತಕದ ಯಾವ ಪುಟ ಓದಿ ಹೇಳ್ತೀರಿ? ಒಂದೇ ಒಂದು ಹೆಸರು ಹೇಳಿ. ಪಟ್ಟಿ ನಾನು ಮಾಡ್ತೀನಿ.