ಅರಿವಿಗೆ ಆಚಾರವೇ ಸಾಕ್ಷಿ

ಬಿಡದಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವ ನನ್ನ ಮೊಮ್ಮಗನು ಒಂದು ಸಂಜೆ ಪಾಳಿ ಮುಗಿಸಿ ಬಂದವನೇ, “ತಾತ, ತುರ್ತು ಪರಿಸ್ಥಿತಿಯೆಂದರೆ ಮಿಲಿಟರಿ ಆಡಳಿತವೇ?” ಎಂದು ಕೇಳಿದನು.

“ಅಲ್ಲಪ್ಪ” ಎಂದೆ. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ಆಳಿದುದು ಸೈನ್ಯವಲ್ಲ. ಸಂವಿಧಾನದ ವಿಧಿಯೊಂದರ ಹೆಸರಿನಲ್ಲಿಯೇ ಎಲ್ಲವೂ ನಡೆಯಿತು. ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಟ್ಟರು. ಪತ್ರಿಕೆಗಳ ಬಾಯಿ ಕಟ್ಟಿದರು. 1976ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಬಂಧಿತರ ಮೊರೆಗೆ ಬಾಗಿಲು ಮುಚ್ಚಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್. ಆರ್. ಖನ್ನಾ ಅವರೊಬ್ಬರೇ ಭಿನ್ನವಾಗಿ ನುಡಿದರು.

ಅಂದು ಸೆರೆಮನೆ ಸೇರಿದವರಲ್ಲಿ ರಾಮಕೃಷ್ಣ ಹೆಗಡೆಯವರೂ ಒಬ್ಬರು. 1926ರಲ್ಲಿ ಸಿದ್ದಾಪುರ ಸೀಮೆಯಲ್ಲಿ ಜನಿಸಿ, ಕಾಶಿಯಲ್ಲಿ ವ್ಯಾಸಂಗ ಮಾಡಿ, ಲಖನೌದಲ್ಲಿ ಕಾನೂನು ಪದವಿ ಪಡೆದವರು. 1942ರ ಚಳವಳಿಯಲ್ಲಿ ಪರಕೀಯರ ಸೆರೆಯನ್ನು ಕಂಡಿದ್ದ ಅವರು ಸ್ವಕೀಯರ ಸೆರೆಯನ್ನೂ ಕಾಣಬೇಕಾಯಿತು. 1983ರ ಜನವರಿಯಲ್ಲಿ ಮುಖ್ಯಮಂತ್ರಿಗಳಾದಾಗ ಅವರು ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಪಿ. ಜಿ. ಆರ್. ಸಿಂಧ್ಯಾ ಅವರು ತೆರವು ಮಾಡಿದ ಸ್ಥಾನದಿಂದ ಅವರನ್ನು ಗೆಲ್ಲಿಸಿ ಕಳುಹಿಸಿದುದು ನಮ್ಮ ನೆರೆಯ ಕನಕಪುರ.

ಸೆರೆಯನ್ನು ಕಂಡವನ ನಿಜವಾದ ಪರೀಕ್ಷೆ ಅಧಿಕಾರವು ಕೈಗೆ ಬಂದಾಗ. ಹೆಗಡೆಯವರ ಕಾಲದಲ್ಲಿ, 1984ರಲ್ಲಿ, ಲೋಕಾಯುಕ್ತ ಕಾಯಿದೆಯಾಯಿತು. ಸಚಿವ ಅಬ್ದುಲ್ ನಜೀರ್ ಸಾಬರ ಶ್ರಮದಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ರೂಪುಗೊಂಡು 1987ರಲ್ಲಿ ಚುನಾವಣೆ ನಡೆಯಿತು. ನಾಲ್ಕರಲ್ಲೊಂದು ಪಾಲು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಕಾಯಕಜೀವಿಗಳೂ ಹೆಣ್ಣುಮಕ್ಕಳೂ ಸಮನಾಗಿ ಕುಳಿತ ಅನುಭವ ಮಂಟಪದ ನೆನಪು ನಮ್ಮಂಥವರಿಗೆ ಆಗ ಬಾರದಿರಲಿಲ್ಲ. ಆದರೆ 1988ರಲ್ಲಿ ಅವರ ಸರ್ಕಾರದ ಮೇಲೆಯೇ ದೂರವಾಣಿ ಕದ್ದಾಲಿಕೆಯ ಆರೋಪ ಬಂದಿತು. ಅವರು ಪದವಿಯನ್ನು ತ್ಯಜಿಸಿದರು. ಅಧಿಕಾರವೆಂಬುದು ಯಾರ ಕೈಯಲ್ಲಿದ್ದರೂ ಅಂಕುಶವನ್ನು ಬೇಡುತ್ತದೆಂಬುದಕ್ಕೆ ಬೇರೆ ನಿದರ್ಶನವೇಕೆ?

ಇಷ್ಟನ್ನೂ ಕೇಳಿದ ಮೊಮ್ಮಗನು, “ಆಗ ನೀವೇನು ಮಾಡಿದಿರಿ, ತಾತ?” ಎಂದನು.

ನಾನು ಆಗ ತರುಣ ಉಪಾಧ್ಯಾಯ. ನೆರೆಮನೆಯ ಮಿತ್ರನನ್ನು ಪೊಲೀಸರು ಒಯ್ದ ಮರುದಿನ ಅವನ ತಾಯಿ ನಮ್ಮ ಬಾಗಿಲಿಗೆ ಬಂದರು. ಅರ್ಜಿಯೊಂದನ್ನು ಬರೆಸಿಕೊಳ್ಳಬೇಕಾಗಿತ್ತು, ಅಷ್ಟೆ. ನೌಕರಿಯ ಅಂಜಿಕೆಯಿಂದ ನಾನು ಒಳಗಿದ್ದೂ ಇಲ್ಲವೆಂದು ಹೇಳಿಸಿದೆ. ಹಿಂದಿರುಗಿದ ಆಕೆಯ ಹೆಜ್ಜೆಯ ಸಪ್ಪಳ ಇಂದಿಗೂ ನನ್ನ ಕಿವಿಯಲ್ಲಿದೆ. ಪ್ರತಿದಿನವೂ ತಪ್ಪದೆ ಲಿಂಗಪೂಜೆ ಮಾಡುತ್ತಿದ್ದ ಕೈಗೆ ಅಂದು ಒಂದು ಅರ್ಜಿ ಬರೆಯುವ ಧೈರ್ಯವಿರಲಿಲ್ಲ.

ಯಾರಿಗೂ ಹೇಳದಿದ್ದ ಈ ಮಾತನ್ನು ಮೊಮ್ಮಗನಿಗೆ ಹೇಳಿದೆ. ಅವನು ಮೌನವಾಗಿ ಕೇಳಿದನು. ನಾಯಕರ ಸೋಲು ಗೆಲುವುಗಳನ್ನು ತೂಗುವುದು ಸುಲಭ. ಶರಣರು ನಮ್ಮಿಂದ ಬಯಸಿದುದು, ನೆರೆಯವರು ಬಾಗಿಲು ತಟ್ಟಿದಾಗ ಎದ್ದು ಬಾಗಿಲು ತೆರೆಯುವ ಆಚಾರವನ್ನು.